ಅತ್ತೆ ಕ್ಲಿನಿಕ್ಕಿಗೆ ಸೇರಿದ್ದು

ನಮ್ಮತ್ತೆಗೆ ತಲೆ ಸರಿಯಿಲ್ಲ ಎಂದು ನಾನು ಖಂಡಿತ ಹೇಳುತ್ತಿಲ್ಲ. ಹೇಳಿದರೆ ಮಾನನಷ್ಟ ಮೊಕದ್ದಮೆ ಹೂಡಿಬಿಡುತ್ತಾರೆ! ಅದರ ಸೆಕ್ಷನ್ ನಂಬರು ಅವರಿಗೆ ಬಾಯಿಪಾಠ, ಹಳೇ ಕಾನೂನಿನದೂ ಹೊಸ ಕಾನೂನಿನದೂ. ನಾನು ಹೇಳುತ್ತಿರುವುದು ಇಷ್ಟೇ: ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದ ಮರುವಾರವೇ, ಕಾಶಿಗೋ ರಾಮೇಶ್ವರಕ್ಕೋ ಟಿಕೆಟ್ ಮಾಡಿಸುವುದು ಬಿಟ್ಟು ಕಾನೂನು ಕಾಲೇಜಿಗೆ ಸೇರಿಕೊಂಡ ಹೆಂಗಸನ್ನು ಇಡೀ ಬನಶಂಕರಿಯಲ್ಲಿ ನಾನು ಬೇರೆ ಕಂಡಿಲ್ಲ.

ಇವರು ನಮ್ಮಪ್ಪನ ಒಬ್ಬಳೇ ತಂಗಿ. ಎರಡು ವರ್ಷ ಹುಡುಗ ಹುಡುಗಿಯರ ನಡುವೆ ಮೊದಲ ಬೆಂಚಿನಲ್ಲಿ ಕೂತು, ಮೇಷ್ಟರಿಗೆ ಬೆವರಿಳಿಸಿ, ಕೊನೆಯ ವರ್ಷಕ್ಕೆ ಬಂದರು. ಆ ವರ್ಷ ಎಲ್ಲರೂ ಒಂದು ‘ಕ್ಲಿನಿಕ್’ ಆರಿಸಿಕೊಳ್ಳಬೇಕಂತೆ.

“ಹೂಂ, ಕ್ಲಿನಿಕ್‌ಗೆ ಸೇರ್ತಾ ಇದೀನಿ, ಮುಂದಿನ ತಿಂಗಳು” ಎಂದು ಅತ್ತೆ ಗೇಟಿನ ಹತ್ತಿರ ನಿಂತು ಯಾರಿಗೋ ಫೋನಿನಲ್ಲಿ ಹೇಳಿದ್ದೇ ತಡ, ಸಂಜೆಯೊಳಗೆ ಪಕ್ಕದ ಮನೆಯವರು ಎರಡು ಎಳನೀರು, ಅರ್ಧ ಡಜನ್ ಮೋಸಂಬಿ ಹಿಡಿದುಕೊಂಡು ಬಂದರು.

“ಏನಂತೆ ಅಕ್ಕ? ಹಾರ್ಟಾ?”

ಕಾನೂನು ವಿದ್ಯಾರ್ಥಿಗಳು ಮೇಷ್ಟರ ಉಸ್ತುವಾರಿಯಲ್ಲಿ ಜನರಿಗೆ ಪುಕ್ಕಟೆ ಸಲಹೆ ಕೊಡುವ ಜಾಗಕ್ಕೆ ಕ್ಲಿನಿಕ್ ಎನ್ನುತ್ತಾರೆ ಎಂದು ಅತ್ತೆ ಅರ್ಧ ಗಂಟೆ ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡು, ಎಳನೀರು ಬಿಟ್ಟು ಮೋಸಂಬಿ ವಾಪಸ್ ತೆಗೆದುಕೊಂಡು ಹೋದರು!

ಕಾಲೇಜಿನಲ್ಲಿ ಮೂರು ಕ್ಲಿನಿಕ್ಕುಗಳಿದ್ದವು. ಗ್ರಾಹಕರದೊಂದು, ಕುಟುಂಬದ್ದೊಂದು, ಅರ್ಜಿ-ದಾಖಲೆಗಳದ್ದೊಂದು. ಸುಮ್ಮನೆ ಹೆಸರು ಕೊಟ್ಟರೆ ಸೀಟು ಸಿಗುವುದಿಲ್ಲ. ಅರ್ಜಿ ಬರೆಯಬೇಕು, ಇಬ್ಬರಿಂದ ಶಿಫಾರಸು ಪತ್ರ ತರಬೇಕು, ಸಂದರ್ಶನ ಬೇರೆ. ಉಳಿದ ವಿದ್ಯಾರ್ಥಿಗಳು ಸೀನಿಯರ್‌ಗಳನ್ನು ಕೇಳಿ ಆರಿಸಿಕೊಂಡರು. ಅತ್ತೆ ಹಾಗೆಲ್ಲ ಮಾಡುತ್ತಾರೆಯೇ?

“ತರಕಾರಿನೇ ಮುಟ್ಟಿ ನೋಡ್ದೆ ತಗೊಳಲ್ಲ ನಾನು. ಮೂರೂ ಕಡೆ ಕಕ್ಷಿದಾರಳ ಥರ ಹೋಗಿ ನೋಡ್ಕೊಂಡ್ ಬರ್ತೀನಿ. ನಮ್ಮ ಬೆಳಗಿನ ಬ್ಯಾಚಿನವರ ಮುಖ ಆ ಮೇಷ್ಟ್ರುಗಳಿಗೆ ಎಲ್ಲಿ ಗೊತ್ತಿರುತ್ತೆ? ನೀನು ಸ್ಕೂಟರ್ ತೆಗಿ.”

ನಾನು ಬಿಟಿಎಂ ಲೇಔಟ್‌ನ ನಮ್ಮ ಮನೆಯಿಂದ ಸ್ಕೂಟರ್ ತೆಗೆದೆ. ಸೋದರಸೊಸೆಯಾಗಿ ಹುಟ್ಟಿದ್ದಕ್ಕೆ ಅಷ್ಟಾದರೂ ಮಾಡಬೇಡವೇ?

ಮೊದಲು ಜೆ.ಪಿ. ನಗರದ ಗ್ರಾಹಕರ ಕ್ಲಿನಿಕ್. ಸಾಕ್ಷ್ಯಕ್ಕೆಂದು ಅತ್ತೆ ಮನೆಯ ಮಿಕ್ಸಿಯನ್ನೇ ಚೀಲದಲ್ಲಿ ಹೊತ್ತು ತಂದಿದ್ದರು. “ತಂದ ದಿನದಿಂದ ತಿರುಗ್ತಾನೇ ಇಲ್ಲಪ್ಪ” ಎಂದು ಕಣ್ಣೊರೆಸಿಕೊಂಡರು. ಅಲ್ಲಿದ್ದ ವಿದ್ಯಾರ್ಥಿ ಮಿಕ್ಸಿಯನ್ನು ಹಿಂದೆ ಮುಂದೆ ನೋಡಿ, ತಳದಲ್ಲಿದ್ದ ಕೆಂಪು ಗುಂಡಿ ಒತ್ತಿ, ಪ್ಲಗ್ ಹಾಕಿ ಸ್ವಿಚ್ ತಿರುಗಿಸಿದ. ಮಿಕ್ಸಿ ಗುರ್ರ್ ಎಂದಿತು!

“ಕೇಸೇ ಇಲ್ದಂಗೆ ಮಾಡ್ಬಿಟ್ನಲ್ಲೇ! ಇವನು ಲಾಯರ್ ಆಗ್ತಾನಾ?” ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಆ ಮಿಕ್ಸಿ ನಿಜಕ್ಕೂ ಎರಡು ತಿಂಗಳಿಂದ ಕೆಟ್ಟಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಎರಡನೆಯದು ಜಯನಗರದ ಕುಟುಂಬ ಕ್ಲಿನಿಕ್. ಅಲ್ಲಿ ಅತ್ತೆ ವಿಚ್ಛೇದನ ಕೇಳಿದರು. ಮೂವತ್ನಾಲ್ಕು ವರ್ಷ ಸಂಸಾರ ಮಾಡಿದ ಮಾವನ ಮೇಲೆ ಗೊರಕೆ, ಒದ್ದೆ ಟವೆಲು ಸೇರಿ ಹನ್ನೊಂದು ಆರೋಪ! ಅಲ್ಲಿನ ಅಧ್ಯಾಪಕಿ ತಾಳ್ಮೆಯಿಂದ ಒಂದು ಗಂಟೆ ಕೇಳಿಸಿಕೊಂಡು, ರಾಜಿಗೆ ಪ್ರಯತ್ನಿಸೋಣವೆಂದು ಮಾವನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಮಾವನಿಗೆ ಈ ನಾಟಕದ ಸುದ್ದಿಯೇ ಗೊತ್ತಿರಲಿಲ್ಲ.

“ಆಗ್ಲಿ ಮೇಡಂ. ಸೈನ್ ಎಲ್ಲಿ ಹಾಕ್ಬೇಕು?”

ಆ ವಾರ ಮಾವನಿಗೆ ಮೂರು ಹೊತ್ತೂ ಉಪ್ಪಿಟ್ಟು.

ಮೂರನೆಯದು ತಲಘಟ್ಟಪುರದ ಒಂದು ಶಾಲಾ ಕೊಠಡಿಯಲ್ಲಿ ಪ್ರತಿ ಶನಿವಾರ ನಡೆಯುತ್ತಿತ್ತು. ಪಿಂಚಣಿ, ಪಡಿತರ ಚೀಟಿ, ಜಮೀನಿನ ಪತ್ರ ಎಂದು ಪ್ಲಾಸ್ಟಿಕ್ ಚೀಲ ಹಿಡಿದ ವಯಸ್ಸಾದವರ ಉದ್ದನೆಯ ಸಾಲು. ಅತ್ತೆ ಟೋಕನ್ ತೆಗೆದುಕೊಂಡು ಹತ್ತು ನಿಮಿಷ ಕೂತರು. ಸರದಿ ಬರುವ ಮೊದಲೇ ಟೋಕನ್ನನ್ನು ಪಕ್ಕದವರಿಗೆ ಕೊಟ್ಟು ಎದ್ದು ಬಂದರು.

“ಯಾಕೆ ಅತ್ತೆ? ಸುಳ್ಳು ಮರ್ತುಹೋಯ್ತಾ?”

“ಇಲ್ಲಿ ಹೇಳಕ್ಕೆ ಬಾಯೇ ಬರ್ಲಿಲ್ಲ ಕಣೇ. ಇದೇ ಇರ್ಲಿ” ಎಂದು ಹೆಲ್ಮೆಟ್ ಹಾಕಿಕೊಂಡರು.

ಸರಿ, ಅರ್ಜಿ. ಏಕೆ ಸೇರಬೇಕೆಂದಿದ್ದೀರಿ ಎಂಬುದನ್ನು ಅರ್ಧ ಪುಟದಲ್ಲಿ ಬರೆಯಿರಿ ಎಂದಿತ್ತು. ಅತ್ತೆ ಹತ್ತೊಂಬತ್ತು ಪುಟ ಟೈಪ್ ಮಾಡಿದರು. ಜೊತೆಗೆ ಆರು ಅನುಬಂಧ! ಮೊದಲನೆಯದು ಎಂಟನೇ ಕ್ಲಾಸಿನ ಚರ್ಚಾಸ್ಪರ್ಧೆಯ ಸರ್ಟಿಫಿಕೇಟು. ಕೊನೆಯದು, ಬೀದಿದೀಪದ ಬಗ್ಗೆ ಎಲ್ಲೋ ದೂರು ಕೊಟ್ಟಿದ್ದಕ್ಕೆ ಬಂದ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ.

“ಇದ್ಯಾಕೆ ಅತ್ತೆ?”

“ಉತ್ತರ ಬಂತಲ್ಲೇ! ಎಷ್ಟು ಜನಕ್ಕೆ ಬರುತ್ತೆ ಹೇಳು?”

ಎರಡು ದಿನ ಜಗಳವಾಡಿ ಅದನ್ನು ಅರ್ಧ ಪುಟಕ್ಕೆ ಇಳಿಸಿದೆವು. ಒಂದು ಶಿಫಾರಸು ಪತ್ರ ಹಳೇ ಕಚೇರಿಯಿಂದ ಬಂತು. ಇನ್ನೊಂದಕ್ಕೆ ಅತ್ತೆ ನೇರ ಎದುರು ಮನೆಗೆ ನುಗ್ಗಿದರು. ಆ ಮನೆಯವರು ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ನಾಲ್ಕಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಫುಟ್‌ಪಾತ್ ಮೇಲೆ ಕಾರು ನಿಲ್ಲಿಸುವ ವಿಷಯಕ್ಕೆ ಅವರ ಮೇಲೆ ಅತ್ತೆ ಕೊಟ್ಟ ದೂರುಗಳಿಗೆ ಲೆಕ್ಕವಿಲ್ಲ. ನಾನು ಗೇಟಿನ ಹೊರಗೇ ನಿಂತೆ.

“ಶನಿವಾರ ಪೂರ್ತಿ ಮನೇಲಿರಲ್ವಾ ಅಕ್ಕ?” ಎಂದು ಅವರು ಕೇಳಿದ್ದು ಮಾತ್ರ ಕಿವಿಗೆ ಬಿತ್ತು. “ಹಂಗಾದ್ರೆ ಎರಡು ಲೆಟರ್ ಕೊಡ್ತೀನಿ ತಗೊಳಿ.”

ಸಂದರ್ಶನ ಆನ್‌ಲೈನ್. ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್, ಅದರ ಮುಂದೆ ರೇಷ್ಮೆ ಸೀರೆಯುಟ್ಟು ಹಣೆಗೆ ವಿಭೂತಿ ಹಚ್ಚಿದ ಅತ್ತೆ, ಪಕ್ಕದಲ್ಲಿ ತಾಂತ್ರಿಕ ಸಹಾಯಕಿ ನಾನು. ತೆರೆಯ ಮೇಲೆ ಕಾಣಿಸಿಕೊಂಡವರು ಯಾರು? ಜಯನಗರದ ಅದೇ ಅಧ್ಯಾಪಕಿ! ಮೂರೂ ಕ್ಲಿನಿಕ್ಕುಗಳ ಸಂದರ್ಶನ ಅವರದೇ ಅಂತೆ. ಅವರು ಕನ್ನಡಕ ಸರಿಮಾಡಿಕೊಂಡು ದಿಟ್ಟಿಸುತ್ತಿರುವಾಗಲೇ ಮಾವ ಕಾಫಿ ಲೋಟ ಹಿಡಿದು ಹಿಂದಿನಿಂದ ಪ್ರತ್ಯಕ್ಷರಾದರು.

“ಓ! ಸಾರ್, ನಿಮ್ದು ರಾಜಿ ಆಯ್ತಾ?”

“ಇಲ್ಲ ಮೇಡಂ, ಪೇಪರ್‌ಗೆ ಕಾಯ್ತಾ ಇದೀನಿ.”

ಅತ್ತೆ ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದರು. ಅಧ್ಯಾಪಕಿ ನಗಲಿಲ್ಲ.

“ಅವತ್ತು ಹೊರಗಡೆ ನಾಲ್ಕು ಜನ ಹೆಣ್ಮಕ್ಕಳು ಕಾಯ್ತಿದ್ರು. ಅವರ ಒಂದು ಗಂಟೆ ನೀವು ತಗೊಂಡ್ರಿ. ಈ ಅರ್ಜಿಲಿ ಬರ್ದಿರೋದನ್ನ ನಾನ್ಯಾಕೆ ನಂಬ್ಲಿ? ನಿಜವಾದ ಕಾರಣ ಇದ್ರೆ ಒಂದೇ ಒಂದು ಹೇಳಿ.”

ಅತ್ತೆಯ ಮುಖ ಸಣ್ಣದಾಯಿತು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತರು. ಸೀಟು ಹೋಯಿತೆಂದೇ ನಾನು ಅಂದುಕೊಂಡೆ.

“ನಮ್ಮಮ್ಮನಿಗೆ ಓದು ಬರಹ ಬರ್ತಿರ್ಲಿಲ್ಲ ಮೇಡಂ” ಎಂದರು ಕೊನೆಗೆ. “ನನಗೆ ಹನ್ನೊಂದು ವರ್ಷ. ಹುಳಿಮಾವಲ್ಲಿ ನಮ್ಮ ತಾತ ತೀರ್ಕೊಂಡ ಹದಿನೈದು ದಿನಕ್ಕೆ ಸೋದರಮಾವಂದಿರು ಒಂದು ಪತ್ರ ತಂದ್ರು. ‘ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ’ ಅಂದ್ರು. ಅಮ್ಮ ರೊಟ್ಟಿ ತಟ್ತಾ ಇದ್ಲು. ಕೈ ತೊಳ್ಕೊಂಡು ಬಂದು ಒತ್ತಿದ್ಲು. ತವರಿನ ಗದ್ದೆಲಿ ತನಗೆ ಭಾಗ ಬೇಡ ಅಂತ ಅದ್ರಲ್ಲಿತ್ತು. ನಾನು ಅವಳ ಹಿಂದೇನೇ ನಿಂತಿದ್ದೆ. ಪೂರ್ತಿ ಓದಿದ್ದೆ.”

“ಹೇಳಲಿಲ್ವಾ?”

“ದೊಡ್ಡೋರ ಮಧ್ಯೆ ಮಾತಾಡ್ಬಾರ್ದು ಅಂದಿದ್ರು. ಸುಮ್ನಿದ್ದೆ.”

ಮಾವ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅತ್ತೆಯ ಕುರ್ಚಿಯ ಬೆನ್ನು ಹಿಡಿದು ನಿಂತರು. ನನಗೆ ಅಜ್ಜಿಯ ನೆನಪಾಯಿತು. ಪ್ರತಿ ಗೌರಿ ಹಬ್ಬಕ್ಕೆ ಅಣ್ಣಂದಿರು ಕಳಿಸಿದ ಬಾಗಿನವನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದಳು, ಪಾಪ.

ಮರುದಿನ ಮೇಲ್ ಬಂತು. ಅತ್ತೆಗೆ ಸೀಟು ಸಿಕ್ಕಿತ್ತು.

ಮೊದಲ ಶನಿವಾರ ತಲಘಟ್ಟಪುರಕ್ಕೆ ನಾನೇ ಬಿಟ್ಟುಬಂದೆ. ಬಿಟ್ಟುಬಂದೆ ಎನ್ನುವುದೇನು, ಹೊರಡಲು ಮನಸ್ಸಾಗದೆ ಕಿಟಕಿಯ ಹತ್ತಿರ ನಿಂತೆ. ಅತ್ತೆಯ ಮುಂದೆ ಒಬ್ಬ ಮುದುಕಿ, ಕೈಯಲ್ಲಿ ಯಾರೋ ಕೊಟ್ಟು ಕಳಿಸಿದ ಮೂರು ಹಾಳೆ. ಅವಳ ಹೆಬ್ಬೆರಳು ಆಗಲೇ ಇಂಕ್ ಪ್ಯಾಡಿನ ಕಡೆ ಹೋಗುತ್ತಿತ್ತು.

“ಎಲ್ಲಿ ಒತ್ಲಿ ತಾಯಿ?”

ಅತ್ತೆ ಆ ಕೈಯನ್ನು ಮೆಲ್ಲಗೆ ತಡೆದು ತಮ್ಮ ಕೈಯೊಳಗೆ ಇಟ್ಟುಕೊಂಡರು.

“ಆಮೇಲೆ ಅಮ್ಮ. ಮೊದ್ಲು ಏನಿದೆ ಅಂತ ಓದ್ತೀನಿ, ಕೇಳಿ.”

ಓದಿದರು. ಒಂದೊಂದೇ ಸಾಲು, ಬೆರಳಿಟ್ಟು, ನಿಧಾನವಾಗಿ. ಮೂರೂ ಹಾಳೆ ಮುಗಿದ ಮೇಲೆ ಮುದುಕಿ ಇಂಕ್ ಪ್ಯಾಡನ್ನು ಪಕ್ಕಕ್ಕೆ ಸರಿಸಿ, “ಇನ್ನೊಂದ್ ಸಲ ಓದವ್ವ” ಎಂದಳು.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಮೊದಲ ಸಾಲಿನಿಂದ ಶುರುಮಾಡಿದರು.