ಕೂತಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರ ಕುರಿತು

ಗ್ರಾಸಿಯಾ ಬಡಾವಣೆ, ಬಾರ್ಸಿಲೋನಾ
ಡಿಸೆಂಬರ್ 23

ಶ್ರೀಮಾನ್ ಕಾಗನೇರ್ ಮಹಾಶಯರ ಸನ್ನಿಧಿಗೆ,
ಗೋದಲಿಯ ಹಿಂಬದಿ, ಪಾಚಿಗುಡ್ಡದ ಮರೆ,
ಕಾಲ್ಚೆಂಡು ಅಭಿಮಾನಿ ಸಂಘದ ಬಾರ್, ನಮ್ಮದೇ ಕೇರಿ.

ಮಾನ್ಯರೇ,

ಅನಂತ ನಮಸ್ಕಾರಗಳು. ದಯವಿಟ್ಟು ಏಳಬೇಡಿ. ತಲೆಗೆ ಕೆಂಪು ಟೋಪಿ ಏರಿಸಿ, ಷರಾಯಿ ಮಂಡಿಗಿಳಿಸಿ, ಕ್ರಿಸ್‌ಮಸ್ಸಿಗೆ ಗೊಂಬೆ ಜೋಡಿಸುವ ಬಾಲಯೇಸುವಿನ ಗೋದಲಿಯ ಹಿಂದೆ ತಾವು ನಿಶ್ಚಿಂತೆಯಿಂದ ಬಹಿರ್ದೆಸೆಗೆ ಕೂತಿರುವ ಹೊತ್ತಿನಲ್ಲಿ ಪತ್ರ ಬರೆದು ಅಡ್ಡಿಪಡಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಮಗೆ ಬಿಡುವಾಗಲೆಂದು ಕಾಯೋಣವೆಂದರೆ, ತಾವು ಕೂತು ಎಷ್ಟು ತಲೆಮಾರಾಯಿತೆಂದು ಈ ಊರಿನ ಹಿರಿಯರಿಗೇ ನೆನಪಿಲ್ಲ, ಮುಗಿಯುವ ಲಕ್ಷಣವೂ ಕಾಣುತ್ತಿಲ್ಲ.

ದೇವದೂತರೂ ಕುರುಬರೂ ರಾಜರೂ ಕೈಮುಗಿದು ನಿಂತು ಹೆಸರು ಸಂಪಾದಿಸುವಾಗ, ಅಂಗೈಯಗಲದ ಮಣ್ಣಿನ ಮೈಯ ತಾವೊಬ್ಬರೇ ನೆಲಕ್ಕೆ ಗೊಬ್ಬರ ಕೊಟ್ಟು ಮನೆಮನೆಯ ಮುಂದಿನ ವರ್ಷದ ಭಾಗ್ಯವನ್ನು ಕಾಯುತ್ತಿದ್ದೀರಿ. ತಾವಿಲ್ಲದ ಗೋದಲಿ ಇಲ್ಲಿ ಗೋದಲಿಯೇ ಅಲ್ಲ. ಮೈದಾನದ ಮಹಾರಥಿಗಳಿಗೂ ಅಷ್ಟೆ: ಎಷ್ಟು ಗೋಲು ಹೊಡೆದರೇನು, ಮಣ್ಣಿನ ಗೊಂಬೆಯಾಗಿ ತಮ್ಮ ಪಕ್ಕ ತಮ್ಮಂತೆಯೇ ಕೂತಾಗಲೇ ಅವರು ನಿಜವಾಗಿ ನಮ್ಮವರಾದರೆಂದು ಜನ ಒಪ್ಪುವುದು.

ನನ್ನ ಪರಿಚಯ ತಮಗಿದೆ, ಆದರೂ ಪದ್ಧತಿಯಂತೆ ಹೇಳುತ್ತೇನೆ. ನಾನು ಇಂದುಮತಿ ಕಡಪಟ್ಟಿ, ಹುಟ್ಟೂರು ಗದಗ, ಹದಿನಾಲ್ಕು ವರ್ಷಗಳಿಂದ ಈ ಕೇರಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವಳು. ಬೆಳಗ್ಗೆ ಒಬ್ಬರು ತಮ್ಮ ತಾತ ಬರೆದ ಮೂರು ನೀಲಿ ಮಚ್ಚೆಯ ಚಿತ್ರ ತರುತ್ತಾರೆ, ಇದರ ಮೇಲ್ಭಾಗ ಯಾವುದು ಸ್ವಾಮಿ ಎಂದು ಕೇಳಿದರೆ, “ಬಣ್ಣಕ್ಕೆ ತಲೆ ಯಾವ್ದು ಕಾಲ್ಯಾವ್ದು, ಇಂದು? ನಿನ್ ಮನಸ್ಸಿಗೆ ಬಂದ್ ಹಾಗೆ ಹಾಕು” ಎಂದು ನಗುತ್ತಾರೆ. ಅದೇ ಮನುಷ್ಯ ಮಧ್ಯಾಹ್ನ ಒಂದು ಹಳೆಯ ಆಟದಂಗಿ ತಂದು, ಮೊಣಕೈ ಹತ್ತಿರದ ಕೆಸರಿನ ಕಲೆ ಎಡಕ್ಕೆ ಕೂದಲೆಳೆಯಷ್ಟೂ ವಾಲಬಾರದೆಂದು ಅಳತೆಪಟ್ಟಿ ಹಿಡಿದು ಎದುರಿಗೇ ನಿಲ್ಲುತ್ತಾರೆ. ಮೊದಲ ವರ್ಷ, ಗಲೀಜಾಗಿದೆಯಲ್ಲಾ ಎಂಬ ಕನಿಕರದಿಂದ ಅಂಥದ್ದೊಂದು ಅಂಗಿಯನ್ನು ನಾನು ಸೋಪು ಹಾಕಿ ತಿಕ್ಕಿ ಒಗೆದುಬಿಟ್ಟಿದ್ದೆ. ಸಂಘದ ಅಧ್ಯಕ್ಷ ನಾರ್ಸಿಸ್, ನಲ್ಲಿ ರಿಪೇರಿ ಮಾಡಿ ನಿವೃತ್ತನಾದ ಭಾರೀ ಮೈಯ ಮನುಷ್ಯ, ನಡುಬೀದಿಯಲ್ಲಿ ತಲೆ ಚಚ್ಚಿಕೊಂಡ: “ಫೈನಲ್ ಕೆಸರು ಕಣೇ ಅದು! ಇಪ್ಪತ್ತೆರಡು ವರ್ಷ ಕಾಪಾಡಿದ್ದೆ, ಒಂದ್ ಬಕೆಟ್ ನೀರಲ್ಲಿ ಮುಗಿಸ್ಬಿಟ್ಯಲ್ಲೇ ಮಹಾತಾಯಿ!” ಆ ಬೈಗುಳದ ಮಾರನೆಯ ದಿನವೇ ಬಾರಿನಲ್ಲಿ ನನಗೆ ಕೂಗಿ ಜಾಗ ಹಿಡಿದಿಡುವವರು ಹುಟ್ಟಿಕೊಂಡರು.

ಈ ವರ್ಷ ಅಕ್ಟೋಬರಿನಲ್ಲಿ, ಅದೂ ಬದ್ಧವೈರಿಗಳ ಮೇಲಿನ ಪಂದ್ಯದ ದಿನ, ಬಾರಿನ ಕೊಳವೆ ಒಡೆದು ಗೋಡೆಯ ಚಿತ್ರಗಳಿಗೂ ಅಂಗಿಗಳಿಗೂ ನೀರು ನುಗ್ಗಿದಾಗ, ಮಂಡಿ ಮಟ್ಟ ನೀರಿನಲ್ಲಿ ನಿಂತು ಎಲ್ಲ ಕಟ್ಟುಗಳನ್ನೂ ಒಂದೊಂದಾಗಿ ಇಳಿಸಿ ಉಳಿಸಿದವಳು ನಾನು. ಪ್ರತಿ ವರ್ಷ ಸಂಘಕ್ಕೆ ಅತಿ ಹೆಚ್ಚು ಉಪಕಾರ ಮಾಡಿದ ಒಬ್ಬರನ್ನು ಕೇರಿಯ ಕುಂಬಾರಗಿತ್ತಿ ರೆಮೇಯ್ ಗೊಂಬೆ ಮಾಡಿ ತಮ್ಮ ಪಕ್ಕ ಕೂರಿಸುವುದು ಇಲ್ಲಿನ ರೂಢಿಯಷ್ಟೆ. ಡಿಸೆಂಬರ್ ಎಂಟರಂದು ಗೊಂಬೆಗೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಅಲ್ಲಿದ್ದವಳು ನಾನೇ: ಹಣೆಯಲ್ಲಿ ಕುಂಕುಮ, ಮೂಗಿನ ಮೇಲೆ ಕನ್ನಡಕ, ಇಳಕಲ್ ಸೀರೆ ಸೊಂಟದವರೆಗೆ ಎತ್ತಿ, ತಮ್ಮಷ್ಟೇ ನಿರಾಳವಾಗಿ, ಗೊಬ್ಬರಕ್ಕೇನೂ ಕೊರತೆಯಿಲ್ಲದ ಹಾಗೆ ಕೂತಿದ್ದೆ.

ತಪ್ಪು ಒಪ್ಪಿಕೊಳ್ಳುತ್ತೇನೆ ಮಾನ್ಯರೇ. ಅದು ಗೌರವವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಷರಾಯಿ ಇಳಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ನಾನೇ. ಆದರೆ ನನ್ನ ಸೀರೆ ಮೇಲೆದ್ದದ್ದು ಕಂಡ ಕೂಡಲೇ ನನ್ನೊಳಗಿನ ಗದಗ ಧಡಕ್ಕನೆ ಎದ್ದು ನಿಂತಿತು. “ಮಾನ ಮರ್ಯಾದೆ ಏನಾದ್ರೂ ಇದೆಯಾ ನಿಮಗೆ!” ಎಂದು ಕಿರುಚಿ, ಬಾಗಿಲು ಬಡಿದು ಹೊರಟುಹೋದೆ.

ಅನಾಹುತ ಆದದ್ದು ಆಮೇಲೆ. ಬೈದದ್ದಕ್ಕೆ ಬೈದಿದ್ದರೆ ಸಂಜೆಗೆ ಸರಿಹೋಗುತ್ತಿತ್ತು. ಅವರು ಸಭೆ ಸೇರಿ, ಒಂದಲ್ಲ ಎರಡಲ್ಲ ಮೂರು ಸಲ ಸೇರಿ, ಪರದೇಶದ ಹೆಂಗಸಿನ ಮನಸ್ಸು ನೋಯಿಸಿದೆವೆಂದು ಠರಾವು ಮಾಡಿ, ಕೂತಿದ್ದವಳನ್ನು ಗೌರವಪೂರ್ವಕವಾಗಿ ಪುಡಿ ಮಾಡಿ, ಹೊಸ ಗೊಂಬೆ ಸುಟ್ಟು ತಂದರು. ಅದರ ಸೀರೆ ಹಿಮ್ಮಡಿ ಮುಚ್ಚಿದೆ, ಕೈ ಮುಗಿದಿದೆ, ಮುಖದಲ್ಲಿ ಪರಮಶಾಂತಿ. ನಿಲ್ಲಿಸಿದ್ದು ಎಲ್ಲಿ? ಮೂವರು ರಾಜರ ಹಿಂದೆ, ಒಂಟೆಯ ಪಕ್ಕ, ಕಾಣಿಕೆ ತಂದ ಅತಿಥಿಗಳ ಸಾಲಿನಲ್ಲಿ! ಆ ಸಾಲಿನವರು ದೂರದೇಶದಿಂದ ಬಂದು ಜನವರಿ ಆರಕ್ಕೆ ಕೊಟ್ಟು ಹೊರಡುವವರು ತಾನೆ? ಹದಿನಾಲ್ಕು ವರ್ಷ ಇಲ್ಲೇ ತರಕಾರಿ ಚೌಕಾಸಿ ಮಾಡಿ, ಇಲ್ಲೇ ಹಲ್ಲು ಕೀಳಿಸಿಕೊಂಡು, ಇಲ್ಲೇ ಗಂಡನನ್ನು ಮಣ್ಣು ಮಾಡಿದವಳು ಎಲ್ಲಿಗೆ ಹೊರಡಲಿ, ಮಾನ್ಯರೇ?

ಅಂದಿನಿಂದ ಅವರ ಸೌಜನ್ಯಕ್ಕೆ ಮಿತಿಯೇ ಇಲ್ಲ. ಮೊದಲು ಪಂದ್ಯದ ನಡುವೆ ಒಳಗೆ ಕಾಲಿಟ್ಟರೆ, “ಏ ಇಂದು, ಬಾಗ್ಲಲ್ಲಿ ಕಂಬದ ಹಾಗೆ ನಿಲ್ಬೇಡ್ವೇ!” ಎಂದು ಹತ್ತು ಗಂಟಲು ಕೂಗುತ್ತಿದ್ದವು. ಈಗ ಮುಂದಿನ ಸಾಲಿನಲ್ಲಿ ಮೆತ್ತೆ ಹಾಕಿದ ಕುರ್ಚಿ ಕಾದಿರುತ್ತದೆ, “ಬನ್ನಿ ಇಂದುಮತಿಯವರೇ, ಸದ್ದು ಜಾಸ್ತಿ ಆಯ್ತಾ?” ಎನ್ನುತ್ತಾರೆ. ಭಾನುವಾರ ಎದುರಾಳಿ ಗೋಲು ಹೊಡೆದಾಗ ನಾರ್ಸಿಸ್ ರೆಫರಿಯ ಅಜ್ಜಿಯವರೆಗೂ ಹೋಗಿ ಬೈದು, ತಟ್ಟನೆ ತಿರುಗಿ ನನ್ನ ಕ್ಷಮೆ ಕೇಳಿದ. ಅದೇ ರೆಫರಿಗೆ ನಾನು ಮನಸ್ಸಿನಲ್ಲಿ ಅದಕ್ಕಿಂತ ದೊಡ್ಡದನ್ನೇ ಬೈದು ಮುಗಿಸಿದ್ದೆ. ಪರೀಕ್ಷಿಸೋಣವೆಂದು ಮಾರನೆಯ ದಿನ ಬೇಕೆಂತಲೇ ಒಬ್ಬರ ಚಿತ್ರವನ್ನು ತಲೆಕೆಳಗಾಗಿ ಕಟ್ಟು ಹಾಕಿಕೊಟ್ಟೆ. “ಹೀಗೇ ಚೆನ್ನಾಗಿದೆ ಮೇಡಂ” ಎಂದು ಬಗಲಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಆದಕಾರಣ ತಮ್ಮಲ್ಲಿ ವಿನಂತಿ. ತಾವು ನಾರ್ಸಿಸನ ಕನಸಿನಲ್ಲಿ, ಕೂತ ಭಂಗಿಯಲ್ಲೇ, ದರ್ಶನ ಕೊಟ್ಟು ಪ್ರತಿ ಪಂದ್ಯದ ತೊಂಬತ್ತು ನಿಮಿಷದಲ್ಲಿ ನನ್ನನ್ನು ಕನಿಷ್ಠ ಎರಡು ಸಲವಾದರೂ ಬೈಯುವಂತೆ ಆಜ್ಞಾಪಿಸಬೇಕು. ಮೆತ್ತೆಯ ಕುರ್ಚಿಯ ಕಾಲು ಮುರಿಯಬೇಕು. ಒಂಟೆಗೆ ನನ್ನ ವಾಸನೆ ಆಗದೆ ಅದು ಒದೆಯುವಂತಾಗಬೇಕು. ಕೊನೆಯದಾಗಿ, ತಾವು ಒಂದು ಗೇಣು ಪಕ್ಕಕ್ಕೆ ಸರಿಯಬೇಕು.

ಕೊನೆಯದು ತುರ್ತಿನದು. ಏಕೆಂದರೆ ಈ ದಿನ ಬೆಳಗ್ಗೆ ಗೋದಲಿಯ ಧೂಳು ಒರೆಸುವಾಗ ನನ್ನ ಗೊಂಬೆ ಕೈಜಾರಿ ಬಿದ್ದಿತೆಂದು ವ್ಯಸನದಿಂದ ತಿಳಿಸುತ್ತೇನೆ. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ರೆಮೇಯ್ ಬಳಿ ಹೋದೆ. ಆಕೆ ಕನ್ನಡಕ ಏರಿಸಿ ನೋಡಿ, “ಮಂಡಿ ಕೆಳಗೆ ಏನೂ ಉಳಿದಿಲ್ಲ ಮೇಡಂ. ಇನ್ನು ನಿಲ್ಸೋಕಾಗಲ್ಲ. ಕೂರಿಸ್ಬಹುದು, ಆದ್ರೆ ನಿಮಗೆ...” ಎಂದು ತಡವರಿಸಿದರು. ಕೂರಿಸಿ ಎಂದೆ. ಸೀರೆ ಎಲ್ಲಿಯವರೆಗೆ ಎಂದು ಕೇಳಿದರು. ಮೊದಲು ಎಷ್ಟಿತ್ತೋ ಅಷ್ಟಕ್ಕೇ, ಒಂದು ನೂಲೂ ಕಡಿಮೆ ಬೇಡ ಎಂದೆ.

ಹೊರಡಲೊಪ್ಪದ ಅತಿಥಿ,
ತಮ್ಮ ವಿಶ್ವಾಸಿ,
ಇಂದುಮತಿ ಕಡಪಟ್ಟಿ

ತಾಜಾ ಕಲಂ: ಪತ್ರ ಮಡಚುತ್ತಿದ್ದಂತೆ, ರೆಮೇಯ್ ಬಳಿ ಚೂರುಗಳನ್ನು ನೋಡಿ ಬಂದ ನಾರ್ಸಿಸ್ ಅಂಗಡಿಗೆ ನುಗ್ಗಿ ಇಡೀ ಬೀದಿಗೆ ಕೇಳುವಂತೆ ಕೂಗಿದ: “ಏ ಇಂದು! ಜಾರಿ ಬಿತ್ತಂತೆ, ಜಾರಿ! ಎರಡೂ ಮಂಡಿ ಮೇಲೆ ಸುತ್ತಿಗೆ ಗುರುತಿದೆಯಲ್ಲೇ ಕತ್ತೆ! ಸುಳ್ಳನ್ನಾದ್ರೂ ನೆಟ್ಟಗೆ ಹೇಳೋದು ಕಲ್ತುಕೋ!” ಹದಿನೈದು ದಿನಗಳಲ್ಲಿ ಇಷ್ಟು ಇಂಪಾದ ಮಾತು ಕಿವಿಗೆ ಬಿದ್ದಿರಲಿಲ್ಲ, ಕಣ್ಣು ತುಂಬಿ ಬಂದು, ನಾನೂ ಅವನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ತಮ್ಮ ಸಹಾಯಕ್ಕೆ ಚಿರಋಣಿ ಎಂದು ಬರೆಯುವವಳಿದ್ದೆ, ಆದರೆ ತಾವು ದೊಡ್ಡ ಅಧಿಕಾರಿಗಳಿಗೆ ತಕ್ಕಂತೆ ಕೂತಲ್ಲಿಂದ ಅಲುಗಲಿಲ್ಲ. ಕೆಲಸ ಆದದ್ದು ಸುತ್ತಿಗೆಯಿಂದ.