ಗೋದಲಿಯ ರೈಲಿಗೆ ಒಂದೇ ಹನಿ

ಆಟದ ರೈಲಿಗೆ ಆರು ಸಾವಿರ. ಅದಕ್ಕೆ ಬಿಡುವ ಎಣ್ಣೆಗೆ ಐನೂರು. ಬಾಟಲಿ ನೋಡಿದರೆ ಕಿವಿಗೆ ಹಾಕುವ ಮದ್ದಿನಷ್ಟು. ಗೆದ್ದರೆ ಸಿಗುವುದು ಎರಡೂವರೆ ಸಾವಿರದ ಮಿಕ್ಸಿ. ಈ ಲೆಕ್ಕ ಹೊಸಂಗಡಿಯ ಬೇಕರಿ ಆಗಸ್ಟಿನನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಅರ್ಥವಾಗಿತ್ತು.

ಕ್ರಿಸ್ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಂದ ಕಟ್ಟುವ ಗೋದಲಿ ಸ್ಪರ್ಧೆಯಲ್ಲಿ ಪ್ರತಿ ವರ್ಷ ಗೆಲ್ಲುತ್ತಿದ್ದವನು ಪಕ್ಕದ ಮನೆಯ ಗ್ಲ್ಯಾಡ್‌ಸನ್. ಈ ಸಲ ಆಗಸ್ಟಿನ್ ಬಾಲಯೇಸುವಿನ ಕೊಟ್ಟಿಗೆಯ ಸುತ್ತ ರೈಲು ಓಡಿಸಲು ಹೊರಟಿದ್ದ. ದೇವದೂತರ ಕಾಗದದ ರೆಕ್ಕೆ ಅಲುಗಾಡಲೆಂದು ಪರದೆಯ ಹಿಂದೆ ಹಳೆಯ ಟೇಬಲ್ ಫ್ಯಾನನ್ನೂ ಅಡಗಿಸಿಟ್ಟಿದ್ದ. ಎಲ್ಲಕ್ಕೂ ಒಂದೇ ಸ್ವಿಚ್. ಮನೆಯ ಮಿಕ್ಸಿ ಸುಟ್ಟು ತಿಂಗಳಾಗಿತ್ತು. ಹೆಂಡತಿ ಎಮಿಲಿಯಾ ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆಯುವಾಗಲೆಲ್ಲ ರೈಲನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಸ್ಪರ್ಧೆಯ ದಿನ ಬೆಳಿಗ್ಗೆ ಸ್ವಿಚ್ ಒತ್ತಿದರೆ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರ್ರ್ ಕಿರ್ರ್!

"ಎಂತ ಆಗಸ್ಟಿನ್, ಗೋದಲಿಯಲ್ಲಿ ಹಂದಿಯೂ ಉಂಟಾ?" ಎಂದು ಗ್ಲ್ಯಾಡ್‌ಸನ್ ಬೇಲಿಯಾಚೆಯಿಂದ ಕೂಗಿದ.

ರಿಕ್ಷಾದ ಗುಣಪಾಲ ಡಬ್ಬಿ ಹಿಡಿದು ಓಡಿಬಂದ. ಊರಿನ ಕ್ರೈಸ್ತರೆಲ್ಲ ಅವನಿಗೆ ಪೊರ್ಬುಗಳೇ. "ಪೊರ್ಬುಗಳೇ, ನನ್ನ ಗೇರ್ ಆಯಿಲ್ ಉಂಟು. ಇದೂ ಎಂಜಿನ್ನೇ ಅಲ್ವಾ?"

"ಬೇಡ ಮಾರಾಯ!" ಎಂದ ಆಗಸ್ಟಿನ್. "ಒಳಗಿನ ಹಲ್ಲುಚಕ್ರ ಪ್ಲಾಸ್ಟಿಕ್. ಕಂಡಕಂಡ ಎಣ್ಣೆ ಬಿಟ್ಟರೆ ಊದಿ ಒಡೀತದೆ."

"ಹಾಗಾದರೆ ಚೂರು ತೆಂಗಿನೆಣ್ಣೆ ಹಾಕಿ," ಎಂದರು ಟೈಲರ್ ಕಮಲಕ್ಕ. "ಮಕ್ಕಳ ತಲೆಗೇ ಹಾಕ್ತೇವೆ, ಇದಕ್ಕೆ ಎಂತ ಆಗ್ತದೆ?"

"ಅಂಟು ಹಿಡೀತದೆ ಕಮಲಕ್ಕ! ಇರುವೆ ಬರ್ತದೆ. ಮತ್ತೆ ರೈಲಿನಲ್ಲಿ ಇರುವೆಗಳೇ ಪ್ಯಾಸೆಂಜರ್."

ಆಗಸ್ಟಿನ್ ತನ್ನ ಐನೂರರ ಬಾಟಲಿಯನ್ನು ತೀರ್ಥದ ಹಾಗೆ ಎತ್ತಿ ತೋರಿಸಿದ. ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ, ಒಂದೇ ಹನಿ ಸಾಕು ಎಂದು ಅದರ ಮೇಲೆ ಬರೆದಿತ್ತು. ಒಂದು ಹನಿ ಬಿಟ್ಟ. ಕಿರ್ರ್. ಇನ್ನೊಂದು ಬಿಟ್ಟ. ಕಿರ್ರ್. ಮಧ್ಯಾಹ್ನಕ್ಕೆ ಬಾಟಲಿ ಅರ್ಧವಾಯಿತು, ಸಂಜೆಗೆ ಖಾಲಿ. ಎಂಜಿನ್ ಅವನದೇ ಬೇಕರಿಯ ಹಲ್ವದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಕಿರ್ರ್ ಮಾತ್ರ ಇದ್ದ ಹಾಗೇ ಇತ್ತು.

ಅಷ್ಟರಲ್ಲಿ ತೀರ್ಪು ಕೊಡಲು ಫಾದರ್ ಬಂದೇಬಿಟ್ಟರು, ಹಿಂದಿನಿಂದ ಅರ್ಧ ಊರು.

ಆಗಸ್ಟಿನ್ ಶಿಲುಬೆಯ ಗುರುತು ಮಾಡಿ ಸ್ವಿಚ್ ಒತ್ತಿದ. ರೈಲು ಬೆತ್ಲೆಹೇಮಿನ ಏರಿನ ತನಕ ಚೆನ್ನಾಗಿಯೇ ಹೋಯಿತು. ಅಲ್ಲಿ ಎಣ್ಣೆ ಸೋರಿದ್ದ ಹಳಿಯ ಮೇಲೆ ಚಕ್ರ ಗಿರಗಿರ ತಿರುಗಿತು, ಎಂಜಿನ್ ಜಾರಿತು, ಬೋಗಿಗಳನ್ನೂ ಎಳೆದುಕೊಂಡು ಕುರಿಮಂದೆಯ ನಡುವೆ ಚಕ್ರ ಮೇಲೆ ಮಾಡಿ ಬಿತ್ತು. ಬಿದ್ದು ಸುಮ್ಮನಾಯಿತು.

ಕಿರ್ರ್ ಸುಮ್ಮನಾಗಲಿಲ್ಲ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಕಮಲಕ್ಕ ಸ್ವಿಚ್ ಆರಿಸಿ, ತೆಂಗಿನೆಣ್ಣೆ ಕುಪ್ಪಿಯೊಂದಿಗೆ ಪರದೆಯ ಹಿಂದೆ ಹೋದರು. ಹೊರಬಂದು ಸ್ವಿಚ್ ಒತ್ತಿದರು. ದೇವದೂತರ ರೆಕ್ಕೆ ಅಲುಗಾಡಿತು. ಸದ್ದೇ ಇಲ್ಲ.

"ಫ್ಯಾನು ಪೊರ್ಬುಗಳೇ, ಫ್ಯಾನು!" ಎಂದ ಗುಣಪಾಲ. "ಬೆಳಿಗ್ಗೆಯೇ ಹೇಳಿದ್ರಲ್ಲ ಕಮಲಕ್ಕ, ತೆಂಗಿನೆಣ್ಣೆ ಅಂತ!"

ಮಿಕ್ಸಿ ಗ್ಲ್ಯಾಡ್‌ಸನ್ನನ ಮನೆಗೆ ಹೋಯಿತು. ಎಮಿಲಿಯಾ ಫ್ಯಾನನ್ನು ಅಡುಗೆಮನೆಗೆ ಒಯ್ದು, ತನ್ನ ಕಡೆಗೆ ತಿರುಗಿಸಿ, ಮಣೆ ಹಾಕಿ ಕುಳಿತಳು. ಹಬ್ಬದ ಮಸಾಲೆ ಅರೆಯಲು ಕಲ್ಲಿನ ಮುಂದೆ ಆಗಸ್ಟಿನ್ ಕುಳಿತ.

ಐನೂರರ ಎಣ್ಣೆ ಹೋಯಿತು, ಮಿಕ್ಸಿ ಬರಲಿಲ್ಲ. ಫ್ಯಾನಿನ ಸದ್ದು ನಿಂತಿತು. ಅದರ ಗಾಳಿಯೂ ಆಗಸ್ಟಿನನಿಗೆ ಸಿಗಲಿಲ್ಲ.