ನಮ್ಮ ಮಾವನ ನೆರೆ ಪರಿಹಾರದ ಹುಚ್ಚು

ನಮ್ಮ ಸೋದರಮಾವ ಜಾತಕ ನಂಬುವುದಿಲ್ಲ, ಎಕ್ಸೆಲ್ ನಂಬುತ್ತಾರೆ. ಮಗಳಿಗೆ ಗಂಡು ಬಂದರೆ ಲೋಕದ ತಂದೆಯರು ಏನು ಕೇಳುತ್ತಾರೆ? ನಕ್ಷತ್ರ, ಸಂಬಳ, ಸ್ವಂತ ಮನೆಯೋ ಬಾಡಿಗೆಯೋ. ನಮ್ಮ ಮಾವ ಕೇಳಿದ್ದು ಬೇರೆಯೇ: "ಹುಡುಗನ ತಂದೆ ತಹಶೀಲ್ದಾರ್ ಆಗಿದ್ರು ಅಂದ್ರಲ್ಲ, ಯಾವ ತಾಲ್ಲೂಕಲ್ಲಿ? ಆಗ ಅಲ್ಲಿ ನೆರೆ ಬಂದಿತ್ತಾ?" ಈ ಪ್ರಶ್ನೆಯಿಂದ ನಮ್ಮ ಪೂರ್ಣಿಮಾಳ ಮದುವೆ ಮುರಿದು ಬೀಳುವುದರಲ್ಲಿತ್ತು. ಅವಳು ಆ ಹುಡುಗನನ್ನು ಆಗಲೇ ಮನಸಾರೆ ಒಪ್ಪಿದ್ದಳು. ಇಬ್ಬರೂ ಮೆಟ್ರೋದಲ್ಲಿ ಜೊತೆಗೆ ಓಡಾಡುತ್ತಿದ್ದುದು ಮಾವನೊಬ್ಬರನ್ನು ಬಿಟ್ಟು ಇಡೀ ರಾಜಾಜಿನಗರಕ್ಕೆ ಗೊತ್ತಿತ್ತು.

ಮಾವನಿಗೆ ಈ ಹುಚ್ಚು ಹಿಡಿಸಿದ ತಪ್ಪು ಪೂರ್ಣಿಮಾಳದೇ. ಮಾವ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಒಂದು ಬೋಲ್ಟು ಕಡಿಮೆಯಾದರೂ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥವರು ರಿಟೈರಾಗಿ ಮನೆಯಲ್ಲಿ ಕೂತರೆ ಏನು ಮಾಡಿಯಾರು? ಅಡುಗೆಮನೆಯ ಬೇಳೆ ಡಬ್ಬಿಗಳಿಗೆ ಚೀಟಿ ಅಂಟಿಸತೊಡಗಿದರು. ಅತ್ತೆ ಗೋಳಾಡುವುದನ್ನು ನೋಡಲಾರದೆ ಪೂರ್ಣಿಮಾ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಎಕ್ಸೆಲ್ ಕಲಿಸಿದಳು. ಸರ್ಕಾರದ ಲೆಕ್ಕಗಳೆಲ್ಲ ಯಾರು ಬೇಕಾದರೂ ನೋಡುವ ಹಾಗೆ ವೆಬ್‌ಸೈಟಿನಲ್ಲಿ ಇರುತ್ತವೆ ಎಂದೂ ಬಾಯಿ ತಪ್ಪಿ ಹೇಳಿದಳು. ಯಾರು ಬೇಕಾದರೂ ನೋಡಬಹುದು, ಸರಿ. ನೋಡುವವರು ಯಾರು? ನಮ್ಮ ಮಾವ!

ಅದರಲ್ಲೂ ಅವರು ಆರಿಸಿಕೊಂಡದ್ದು ನೆರೆ ಪರಿಹಾರ. ರಸ್ತೆಯ ಲೆಕ್ಕ ಬೇಡ, ಪಾರ್ಕಿನ ಲೆಕ್ಕ ಬೇಡ. ಯಾವ ತಾಲ್ಲೂಕಿನಲ್ಲಿ ನೀರು ನುಗ್ಗಿತು, ಎಷ್ಟು ಜನರನ್ನು ಶಾಲೆಗೆ ತಂದು ಇಟ್ಟರು, ಅವರಿಗೆ ಏನು ಕೊಟ್ಟರು, ಅಷ್ಟೇ ಬೇಕು. ಇದಕ್ಕೆ ಕಾರಣ ನಮಗೆಲ್ಲ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆವು. ತಾತ ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸಕ್ಕಿದ್ದಾಗ ಒಂದು ಮಳೆಗೆ ಅವರ ವಠಾರಕ್ಕೆ ನೀರು ನುಗ್ಗಿ, ಮನೆಮಂದಿಯೆಲ್ಲ ಶಾಲೆಯೊಂದರ ಗಂಜಿ ಕೇಂದ್ರದಲ್ಲಿ ಇರಬೇಕಾಯಿತಂತೆ. ಆಗ ಮಾವ ಸಣ್ಣ ಹುಡುಗ. ನನ್ನಮ್ಮ ಇನ್ನೂ ಹುಟ್ಟಿರಲಿಲ್ಲ. ಆ ಗಂಜಿ ಎಷ್ಟು ನೀರಾಗಿತ್ತು ಎಂಬ ವರ್ಣನೆಯನ್ನು ಪ್ರತಿ ಯುಗಾದಿಗೆ ನಾವು ಹೋಳಿಗೆ ತಿನ್ನುತ್ತಾ ಕೇಳಿದ್ದೇವೆ. "ತಟ್ಟೇಲಿ ಮುಖ ಕಾಣ್ತಿತ್ತು ಕಣೋ," ಎಂದು ಅವರು ಶುರುಮಾಡಿದರೆ ಅತ್ತೆ, "ಆ ಮುಖ ನೋಡಿ ಹೆದರ್ಕೊಂಡಿರ್ತೀರ, ಹೋಳಿಗೆ ತಿನ್ನಿ," ಎಂದು ತುಪ್ಪ ಸುರಿಯುತ್ತಾರೆ.

ಮಾವನ ಕೆಲಸದ ರೀತಿಯೇ ವಿಚಿತ್ರ. ಹೊಸ ಫೈಲು ಇಳಿಸಿಕೊಂಡ ಕೂಡಲೇ, ಒಟ್ಟು ಮೊತ್ತ ಎಷ್ಟೆಂದೂ ನೋಡದೆ, ಹುಡುಕುವ ಜಾಗದಲ್ಲಿ 'ಉಪ್ಪಿನಕಾಯಿ' ಎಂದು ಟೈಪ್ ಮಾಡುತ್ತಾರೆ. ಕೋಟಿಗಟ್ಟಲೆ ಖರ್ಚಿನ ಲೆಕ್ಕದಲ್ಲಿ ಉಪ್ಪಿನಕಾಯಿ! ಅದು ಸಿಗುವುದಿಲ್ಲ. ಸಿಗದಿದ್ದರೆ ಒಂದು ನಿಟ್ಟುಸಿರು ಬಿಟ್ಟು ಮುಂದಿನ ಕೆಲಸಕ್ಕೆ ಇಳಿಯುತ್ತಾರೆ. ಸರಿ ಕಂಡ ಸಾಲಿಗೆ ಹಸಿರು ಬಣ್ಣ, ಅನುಮಾನದ ಸಾಲಿಗೆ ಕೆಂಪು ಬಣ್ಣ. ಇಷ್ಟಾಗಿ ಮಾವ ಉಪ್ಪಿನಕಾಯಿ ತಿನ್ನುವವರೂ ಅಲ್ಲ. ಬಡಿಸಲು ಬಂದರೆ ಎಲೆಯ ತುದಿಗೆ ಅಂಗೈ ಅಡ್ಡ ಹಿಡಿದು "ಬಿ.ಪಿ." ಎನ್ನುತ್ತಾರೆ. ಬಿ.ಪಿ. ಇರುವುದು ಅತ್ತೆಗೆ! ಕೆಂಗೇರಿಯ ನಮ್ಮ ಮನೆಗೆ ಬರುವಾಗ ಮಾತ್ರ ತಂಗಿಗೆಂದು ಒಂದು ಬಾಟಲಿ ಉಪ್ಪಿನಕಾಯಿ ತಪ್ಪದೆ ತರುತ್ತಾರೆ. ತಮ್ಮ ಮನೆಯಲ್ಲಿ ಖರ್ಚಾಗದ್ದನ್ನು ನಮಗೆ ಸಾಗಹಾಕುತ್ತಾರೆ ಎಂದೇ ನಾವು ನಗುತ್ತಿದ್ದೆವು.

ಒಮ್ಮೆ ಒಂದು ತಾಲ್ಲೂಕಿನವರು ಟಾರ್ಪಾಲಿಗೆ ಹಾಕಿದ ದರ ಅವರಿಗೆ ಜಾಸ್ತಿ ಎನಿಸಿತು. ನಿಜವಾದ ದರ ತಿಳಿಯದೆ ಕೆಂಪು ಬಣ್ಣ ಹಚ್ಚುವುದು ಅಧರ್ಮವಲ್ಲವೇ? ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಮಾಕ್ಷಿಪಾಳ್ಯದ ಅಂಗಡಿಗಳನ್ನೆಲ್ಲ ಸುತ್ತಿದರು. ಪ್ರತಿ ಅಂಗಡಿಯಲ್ಲೂ ಟಾರ್ಪಾಲು ಬಿಚ್ಚಿಸಿ, ಮುಟ್ಟಿ, ಎಳೆದು, ಮೂಸಿ ನೋಡಿದರು. ಕೊನೆಯ ಅಂಗಡಿಯವನಿಗೆ ತಲೆ ಕೆಟ್ಟಿತು.

"ಸಾರ್, ಎಷ್ಟು ಬೇಕು ನಿಮ್ಗೆ?"

"ಬೇಡಪ್ಪಾ. ನೆರೆ ಬಂದಾಗ ಎಷ್ಟಕ್ಕೆ ಕೊಡ್ತೀಯ ಅಂತ ತಿಳ್ಕೊಬೇಕಿತ್ತು."

"ನಿಮ್ಮನೆಗೆ ನೆರೆ ಬರತ್ತಾ ಸಾರ್?"

"ನನಗಲ್ಲ, ಸರ್ಕಾರಕ್ಕೆ."

ಅವನು ಇವರನ್ನು ಯಾವುದೋ ದೊಡ್ಡ ಅಧಿಕಾರಿ ಎಂದುಕೊಂಡು ಟೀ ತರಿಸಿದ. ಟೀ ಕುಡಿದ ದಾಕ್ಷಿಣ್ಯಕ್ಕೆ ಮಾವ ಒಂದು ಟಾರ್ಪಾಲು ಕೊಂಡರು, ಅದೂ ತಾಲ್ಲೂಕಿನವರು ಕೊಟ್ಟದ್ದಕ್ಕಿಂತ ಹೆಚ್ಚು ದರಕ್ಕೆ! ಮನೆಗೆ ಬಂದು ಮಾತಿಲ್ಲದೆ ಆ ಸಾಲಿಗೆ ಹಸಿರು ಹಚ್ಚಿದರು. ಈಗ ಅತ್ತೆ ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.

ಇನ್ನೊಮ್ಮೆ ಒಂದು ಶಾಲೆಯಲ್ಲಿ ಜನಕ್ಕಿಂತ ಬಕೆಟ್ಟುಗಳೇ ಹೆಚ್ಚಾಗಿ ಕಂಡವು. ಮಾವ ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿ ಮಾಡಿ, ಕೊನೆಗೆ ಆ ಕಡೆಯ ಹುಡುಗಿ ಇವರ ದನಿ ಕೇಳಿದರೆ ಸಾಕು "ಬಕೆಟ್ ಅಂಕಲ್ಲಾ?" ಎನ್ನುವ ಹಾಗಾಯಿತು. ವಿಚಾರಿಸಿದರೆ ಟೈಪ್ ಮಾಡುವಾಗ ಒಂದು ಸೊನ್ನೆ ಹೆಚ್ಚಿಗೆ ಬಿದ್ದಿತ್ತಂತೆ. ವೆಬ್‌ಸೈಟಿನಲ್ಲಿ ಸೊನ್ನೆ ಹೋದ ದಿನ ಮಾವ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. "ಮಗು ಹುಟ್ಟಿದ್ರೆ ಸಿಹಿ ಹಂಚ್ತಾರೆ, ಪಾಸಾದ್ರೆ ಹಂಚ್ತಾರೆ. ಸೊನ್ನೆ ಹೋಗಿದ್ದಕ್ಕೆ ಹಂಚೋರು ನಮ್ಮನೇಲೇ ಇರ್ಬೇಕಾ?" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಇಂಥವರ ಮನೆಗೆ ವಿಜಯನಗರದ ಸಂಬಂಧ ಬಂತು. ಹುಡುಗ ಚೆನ್ನಾಗಿದ್ದ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ, ತಂದೆ ನಿವೃತ್ತ ತಹಶೀಲ್ದಾರ್. ಮಾವ ಅವರಿದ್ದ ತಾಲ್ಲೂಕಿನ ಹೆಸರು ಕೇಳಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಅವರ ಮುಖ ಕೆಂಪಗಾಗಿತ್ತು.

"ಈ ಸಂಬಂಧ ಬೇಡ."

"ಯಾಕ್ರೀ? ಹುಡುಗನಿಗೆ ಏನಾಗಿದೆ?" ಎಂದರು ಅತ್ತೆ.

"ಹುಡುಗನಿಗೆ ಏನೂ ಆಗಿಲ್ಲ. ಅವರಪ್ಪ ನೋಡು, ಊರಿಗೆ ನೀರು ನುಗ್ಗಿ ಜನ ಶಾಲೇಲಿ ಬಿದ್ದಿದ್ದಾಗ ಏನು ಖರ್ಚು ಹಾಕಿದಾನೆ! ಹಸಿರು ಗಾಜಿನ ಬಳೆ, ಮಲ್ಲಿಗೆ ಹೂವು, ಚಿರೋಟಿ! ಮನೆಮಠ ಕಳ್ಕೊಂಡೋರು ಚಿರೋಟಿ ತಿಂತಾರೇನೆ? ಅದೇನು ನೆರೆಯೋ, ಇವನ ಮನೆ ಮದುವೆಯೋ?"

ಪೂರ್ಣಿಮಾ ಕಣ್ಣಲ್ಲಿ ನೀರು ತುಂಬಿಕೊಂಡೇ ರೇಗಿದಳು: "ಅಪ್ಪಾ, ನಾನು ಮದ್ವೆ ಆಗೋದು ಹುಡುಗನ್ನ, ತಾಲ್ಲೂಕನ್ನಲ್ಲ!"

ಮಾವ ಜಗ್ಗಲಿಲ್ಲ. ಸಂತ್ರಸ್ತರ ಬಾಯಿಗೆ ಹೋಗಬೇಕಾದದ್ದನ್ನು ತಿಂದವರ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಕೂತರು. ಪೂರ್ಣಿಮಾ ಊಟ ಬಿಟ್ಟಳು, ಅತ್ತೆ ಮಾತು ಬಿಟ್ಟರು. ಕೊನೆಗೆ ಕೆಂಗೇರಿಯಿಂದ ನನ್ನಮ್ಮ ಹೋಗಿ, "ಅಣ್ಣಾ, ಟಾರ್ಪಾಲಿನ ದರ ನೀನೇ ಅಂಗಡೀಗೆ ಹೋಗಿ ಕೇಳ್ದೆ. ಬಕೆಟ್ ಲೆಕ್ಕ ಫೋನ್ ಮಾಡಿ ಕೇಳ್ದೆ. ಈ ಮನುಷ್ಯನ್ನ ಮಾತ್ರ ಕೇಳ್ದೇನೇ ಕೆಂಪು ಹಚ್ಬಿಡ್ತೀಯಾ?" ಎಂದಳು. ಮಾವನಿಗೆ ಅದು ತಟ್ಟಿತು. ಕೇಳಿಯೇ ಬಿಡೋಣ ಎಂದು ಎದ್ದರು. ಜಗಳವಾದರೆ ಬಿಡಿಸಲು ಬೇಕಾಗಬಹುದೆಂದು ಅತ್ತೆ, ಪೂರ್ಣಿಮಾ, ಅಮ್ಮ, ನಾನು ಎಲ್ಲರೂ ಹೊರಟೆವು.

ವಿಜಯನಗರದ ಆ ಮನೆಯಲ್ಲಿ ನಮ್ಮನ್ನು ಹೂವಿನಲ್ಲಿಟ್ಟು ನೋಡಿಕೊಂಡರು. ಕಾಫಿ ಲೋಟ ಕೆಳಗಿಡುವ ಮೊದಲೇ ಮಾವ ಕೇಳಿದರು: "ತಪ್ಪು ತಿಳ್ಕೋಬೇಡಿ ಸಾರ್. ನೆರೆ ಬಂದಾಗ ಶಾಲೇಲಿದ್ದ ನಿಮ್ಮ ಕಾಳಜಿ ಕೇಂದ್ರದಲ್ಲಿ ಬಳೆ, ಹೂವು, ಚಿರೋಟಿ ಖರ್ಚು ಇದೆ. ಅದೇನು ಅಂತ ಹೇಳಿದ್ರೆ..." ಪೂರ್ಣಿಮಾ ನೆಲ ನೋಡುತ್ತಾ ಕೂತಿದ್ದಳು. ಹುಡುಗ ಪೂರ್ಣಿಮಾಳನ್ನು ನೋಡುತ್ತಿದ್ದ.

ತಹಶೀಲ್ದಾರರು ಕೋಪಿಸಿಕೊಳ್ಳಲಿಲ್ಲ. "ಅದಾ? ಅಷ್ಟು ಸಣ್ಣ ಲೆಕ್ಕಾನೂ ನೋಡಿದ್ರಾ?" ಎಂದು ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು. "ಶಾಲೇಲಿ ಒಂದು ಹುಡುಗಿ ಇತ್ತು ಸಾರ್. ಚೊಚ್ಚಲ ಬಸುರಿ, ಏಳು ತಿಂಗಳು. ಆ ವಾರಾನೇ ಅವಳ ಸೀಮಂತಕ್ಕೆ ದಿನ ಇಟ್ಟಿದ್ರಂತೆ. ತಂದಿಟ್ಟ ಸೀರೆ, ಬಳೆ ಎಲ್ಲಾ ನೀರುಪಾಲು. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದೋಳು ಏಳ್ತಾನೇ ಇರ್ಲಿಲ್ಲ. ಊಟಾನೂ ಇಲ್ಲ. ಅಲ್ಲಿದ್ದ ಹೆಂಗಸರೆಲ್ಲ ನನ್ನ ಮುಖ ನೋಡಿದ್ರು. ನಾನೇನು ಮಾಡ್ಲಿ? ಬಳೆಗಾರರನ್ನ ಕರೆಸ್ದೆ. ಶಾಲೆ ಬೆಂಚಿನ ಮೇಲೇ ಕೂರಿಸಿ ಸೀಮಂತ ಮಾಡಿದ್ರು. ಮನೆ ಕಳ್ಕೊಂಡ ಹೆಂಗಸರು ಅವತ್ತು ಸೋಬಾನೆ ಹಾಡಿದ್ರು ಸಾರ್. ಕ್ಲರ್ಕು 'ಇತರೆ' ಅಂತ ಬರೆದು ಮುಗಿಸೋಣ ಅಂದ. ನಾನೇ, ಏನು ತಂದ್ವೋ ಅದನ್ನೇ ಬರಿ, ಮುಚ್ಚಿಡೋಂಥದ್ದು ಏನಿದೆ ಅಂದೆ. ಆಡಿಟ್‌ನೋರು ಒಪ್ಲಿಲ್ಲ. ನನ್ನ ಸಂಬಳದಲ್ಲೇ ಮುರ್ಕೊಂಡ್ರು. ಹೋಗ್ಲಿ ಬಿಡಿ."

ಮಾವನ ಕೈಯಲ್ಲಿ ಲೋಟ ಹಾಗೇ ಇತ್ತು. ಕಾಫಿ ಆರಿಹೋಗಿ ಕೆನೆ ಕಟ್ಟಿತು. ಅತ್ತೆ ಗಾಬರಿಯಾಗಿ ಅವರ ತೋಳು ಮುಟ್ಟಿದರು.

"ನಾವೂ ಶಾಲೇಲಿ ಇದ್ವಿ ಸಾರ್, ಬಿನ್ನಿಪೇಟೇಲಿದ್ದಾಗ," ಎಂದರು ಮಾವ. ಗಂಜಿಯ ಕಥೆ ಮತ್ತೆ ಬಂತು ಎಂದು ನಾನು ಅತ್ತೆಯ ಮುಖ ನೋಡಿದೆ. ಆದರೆ ಅದು ನಾವು ಕೇಳಿದ ಕಥೆಯಾಗಿರಲಿಲ್ಲ. "ನಮ್ಮವ್ವಾನೂ ಆಗ ಬಸುರಿ. ಬರೀ ಗಂಜಿ ಸೇರ್ತಿರ್ಲಿಲ್ಲ, ಬಾಯಿಗಿಟ್ರೆ ವಾಂತಿ. 'ಒಂದು ಹೋಳು ಉಪ್ಪಿನಕಾಯಿ ಸಿಗತ್ತಾ ನೋಡೋ ಮಗಾ' ಅಂದ್ಲು. ನಾನು ಹೋಗಿ ಬಡಿಸೋನನ್ನ ಕೇಳ್ದೆ. 'ಗಂಜಿ ಸಿಕ್ಕಿದ್ದೇ ಹೆಚ್ಚು, ಉಪ್ಪಿನಕಾಯಿ ಬೇರೆ ಬೇಕಾ ನಿಮ್ಗೆ?' ಅಂತ ಎಲ್ಲರ ಮುಂದೆ ನಕ್ಕ. ಅವ್ವಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. 'ಖಾಲಿ ಆಗಿದೆಯಂತೆ' ಅಂದೆ. ನಿಮ್ಮಂಥೋರು ಒಬ್ರು ಅವತ್ತು ಅಲ್ಲಿದ್ದಿದ್ರೆ..."

ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಜ್ಜಿಯ ಆ ಬಸುರಿನಲ್ಲಿದ್ದವಳು ಅವಳೇ. ಮಾವ ಬಾಟಲಿ ಬಾಟಲಿ ಉಪ್ಪಿನಕಾಯಿ ಹೊತ್ತು ತಂದಾಗಲೆಲ್ಲ ನಾನು ನಕ್ಕಿದ್ದೆ. ಸರ್ಕಾರದ ಅಷ್ಟೂ ಫೈಲುಗಳಲ್ಲಿ ಅವರು ಏನು ಹುಡುಕುತ್ತಿದ್ದರು ಎಂದು ಆಗ ತಿಳಿದು ನನಗೆ ಅಳು ಬಂತು.

ಹುಡುಗನ ತಾಯಿ ಕಣ್ಣೊರೆಸಿಕೊಂಡು, "ಊಟ ಮಾಡ್ಕೊಂಡೇ ಹೋಗ್ಬೇಕು, ಎದ್ದೇಳಿ," ಎಂದರು. ಎಲೆ ಹಾಕಿದರು. ಉಪ್ಪು, ಕೋಸಂಬರಿ ಬಡಿಸಿಕೊಂಡು ಬಂದರು. ಉಪ್ಪಿನಕಾಯಿ ಬಂದಾಗ ನಾವೆಲ್ಲ ಮಾವನ ಕೈಯನ್ನೇ ನೋಡಿದೆವು. ಆ ಕೈ ಎಲೆಗೆ ಅಡ್ಡ ಬರಲಿಲ್ಲ. ಅವರು ಒಂದು ಹೋಳು ಹಾಕಿಸಿಕೊಂಡು, ಬಾಯಿಗಿಟ್ಟು, ಬಹಳ ಹೊತ್ತು ಅಗಿದರು. ಆಮೇಲೆ ತಹಶೀಲ್ದಾರರ ಕಡೆ ತಿರುಗಿ, "ನಿಶ್ಚಿತಾರ್ಥಕ್ಕೆ ದಿನ ನೋಡೋಣ ಬೀಗ್ರೇ," ಎಂದರು.

"ಈ ಉಪ್ಪಿನಕಾಯಿ ಖಾರ ಜಾಸ್ತಿ ಕಣೋ," ಎಂದು ಅಮ್ಮ ನನ್ನ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಅವಳ ಎಲೆಯಲ್ಲಿದ್ದ ಹೋಳನ್ನು ಅವಳಿನ್ನೂ ಮುಟ್ಟಿಯೇ ಇರಲಿಲ್ಲ.